ಒಂದೇ ಒಲೆ, ಮೂರು ತಲೆಮಾರಿನ ಕರುಳು

ಮನುಷ್ಯನ ಕರುಳಿನಲ್ಲಿ ನೆಲೆಸಿದ ಬ್ಯಾಕ್ಟೀರಿಯಾಗಳು ಹುಟ್ಟಿನಿಂದ ಮುಪ್ಪಿನವರೆಗೆ ಒಂದೇ ಬಗೆಯವಾಗಿ ಉಳಿಯುವುದಿಲ್ಲ. ಮೊಲೆಹಾಲು ಕುಡಿಯುವ ಕೂಸಿನ ಹೊಟ್ಟೆಯಲ್ಲಿರುವವು ಬೇರೆ, ದುಡಿಯುವ ಪ್ರಾಯದವರಲ್ಲಿರುವವು ಬೇರೆ, ಎಪ್ಪತ್ತು ದಾಟಿದ ಹಿರಿಯರಲ್ಲಿರುವವು ಇನ್ನೂ ಬೇರೆ. ಕೂಸು ಮೈ ತುಂಬಿಕೊಳ್ಳುವುದು, ನಡುವಯಸ್ಸಿನಲ್ಲಿ ಸಕ್ಕರೆ ಕಾಯಿಲೆ ಅಂಟಿಕೊಳ್ಳುವುದು, ಮುಪ್ಪಿನಲ್ಲಿ ಸೋಂಕಿಗೆ ದೇಹ ಬೇಗ ಸೋಲುವುದು, ಈ ಮೂರರಲ್ಲೂ ಕರುಳಿನ ಬ್ಯಾಕ್ಟೀರಿಯಾಗಳ ಪಾಲಿದೆ ಎಂಬುದಕ್ಕೆ ಕಳೆದ ಎರಡು ದಶಕಗಳಲ್ಲಿ ಪುರಾವೆ ಸೇರುತ್ತ ಬಂದಿದೆ.

ಇಸ್ರೇಲಿನ ವೈಜ್‌ಮನ್ ವಿಜ್ಞಾನ ಸಂಸ್ಥೆಯವರು 2016ರಲ್ಲಿ ಹಾಕಿದ ಲೆಕ್ಕದ ಪ್ರಕಾರ 70 ಕಿಲೋ ತೂಗುವ ಗಂಡಸಿನ ಮೈಯಲ್ಲಿ ಸುಮಾರು 38 ಲಕ್ಷ ಕೋಟಿ ಬ್ಯಾಕ್ಟೀರಿಯಾಗಳಿವೆ. ಅವನ ಸ್ವಂತ ಜೀವಕೋಶಗಳು ಸುಮಾರು 30 ಲಕ್ಷ ಕೋಟಿ. ಅಷ್ಟೂ ಬ್ಯಾಕ್ಟೀರಿಯಾಗಳ ಒಟ್ಟು ತೂಕ ಕಾಲು ಕಿಲೋಗಿಂತ ಕಡಿಮೆ. ಬಹುಪಾಲು ದೊಡ್ಡ ಕರುಳಿನಲ್ಲಿವೆ. ಜಠರದ ಆಮ್ಲದಲ್ಲಿ ಹೆಚ್ಚಿನವು ಸಾಯುತ್ತವೆ, ಸಣ್ಣ ಕರುಳಿನಲ್ಲಿ ಆಹಾರ ಬೇಗ ಸಾಗುವುದರಿಂದ ಅಲ್ಲಿ ನೆಲೆಯೂರುವುದು ಕಷ್ಟ. ದೊಡ್ಡ ಕರುಳಿನಲ್ಲಿ ಮಾತ್ರ ಆಹಾರ ಗಂಟೆಗಟ್ಟಲೆ ನಿಂತಿರುತ್ತದೆ, ಆಮ್ಲಜನಕ ಹೆಚ್ಚುಕಡಿಮೆ ಇಲ್ಲ. ಗಾಳಿ ತಾಗಿದರೆ ಸಾಯುವ ಜಾತಿಯ ಬ್ಯಾಕ್ಟೀರಿಯಾಗಳಿಗೆ ಇದೇ ಸರಿಯಾದ ಜಾಗ.

ಅವು ಅಲ್ಲಿ ಮಾಡುವ ಕೆಲಸಗಳಲ್ಲಿ ಮುಖ್ಯವಾದುದು ನಾರನ್ನು ಒಡೆಯುವುದು. ಜೋಳದ ತೌಡು, ಕಾಳಿನ ಸಿಪ್ಪೆ, ಸೊಪ್ಪಿನ ದಂಟು, ಇವುಗಳಲ್ಲಿರುವ ನಾರನ್ನು ಜೀರ್ಣಿಸುವ ಕಿಣ್ವ ಮನುಷ್ಯನಲ್ಲಿಲ್ಲ. ಬ್ಯಾಕ್ಟೀರಿಯಾಗಳು ಅದನ್ನು ಹುಳಿಯಿಸಿ ಅಸಿಟೇಟ್, ಪ್ರೊಪಿಯೊನೇಟ್, ಬ್ಯುಟಿರೇಟ್ ಎಂಬ ಚಿಕ್ಕ ಕೊಬ್ಬಿನಾಮ್ಲಗಳನ್ನಾಗಿ ಮಾರ್ಪಡಿಸುತ್ತವೆ. ದೊಡ್ಡ ಕರುಳಿನ ಒಳಪದರದ ಜೀವಕೋಶಗಳು ತಮಗೆ ಬೇಕಾದ ಶಕ್ತಿಯ ಹೆಚ್ಚಿನ ಪಾಲನ್ನು ರಕ್ತದಿಂದಲ್ಲ, ಈ ಬ್ಯುಟಿರೇಟ್‌ನಿಂದಲೇ ಪಡೆಯುತ್ತವೆ. ಅದು ಸಾಕಷ್ಟು ಸಿಕ್ಕರೆ ಒಳಪದರ ಬಿಗಿಯಾಗಿ ಉಳಿಯುತ್ತದೆ. ಸಿಗದಿದ್ದರೆ ಜೀವಕೋಶಗಳ ನಡುವಿನ ಬಿಗಿ ಸಡಿಲಗೊಂಡು ಬ್ಯಾಕ್ಟೀರಿಯಾಗಳ ಚೂರುಗಳು ರಕ್ತಕ್ಕೆ ನುಸುಳುತ್ತವೆ. ದೇಹ ಅವುಗಳ ವಿರುದ್ಧ ಸದಾ ಸಣ್ಣ ಉರಿಯೂತದ ಸ್ಥಿತಿಯಲ್ಲಿರುತ್ತದೆ. ಕೆಲವು ಬಿ ವಿಟಮಿನ್‌ಗಳನ್ನೂ ವಿಟಮಿನ್ ಕೆ ಅನ್ನೂ ಇವೇ ಬ್ಯಾಕ್ಟೀರಿಯಾಗಳು ತಯಾರಿಸುತ್ತವೆ. ಯಾವುದು ಶತ್ರು, ಯಾವುದು ಅಲ್ಲ ಎಂದು ರೋಗನಿರೋಧಕ ವ್ಯವಸ್ಥೆ ಕಲಿಯುವುದೂ ಬಹುಮಟ್ಟಿಗೆ ಇವುಗಳ ಸಹವಾಸದಿಂದಲೇ.

ವಯಸ್ಸಿನೊಂದಿಗೆ ಇವು ಹೇಗೆ ಬದಲಾಗುತ್ತವೆ ಎಂದು ತಿಳಿಯುವಲ್ಲಿ ಒಂದು ತೊಡಕಿದೆ. ಒಂದು ಊರಿನ ಮುದುಕನನ್ನೂ ಇನ್ನೊಂದು ಊರಿನ ಮಗುವನ್ನೂ ಹೋಲಿಸಿದರೆ ಸಿಗುವ ವ್ಯತ್ಯಾಸ ವಯಸ್ಸಿನದೋ, ಊಟದ್ದೋ, ನೀರಿನದೋ ಎಂದು ಹೇಳಲಾಗದು. ಈ ತೊಡಕಿಗೆ ಮಹಾರಾಷ್ಟ್ರದಲ್ಲಿ ಒಂದು ಜಾಣ ಉಪಾಯ ಸಿಕ್ಕಿತು. ಪುಣೆಯಲ್ಲಿ, ರಾಷ್ಟ್ರೀಯ ಜೀವಕೋಶ ವಿಜ್ಞಾನ ಕೇಂದ್ರದ ಯೋಗೇಶ್ ಶೌಚೆ ಮತ್ತು ಆಘಾರಕರ ಸಂಶೋಧನಾ ಸಂಸ್ಥೆಯ ದಿಲೀಪ್ ರಾನಡೆ ಸೇರಿದಂತೆ ಐವರು ವಿಜ್ಞಾನಿಗಳು ಒಂದೇ ಸೂರಿನಡಿ ಬಾಳುವ ಎರಡು ಕುಟುಂಬಗಳನ್ನು ಆರಿಸಿಕೊಂಡರು. ಪ್ರತಿ ಕುಟುಂಬದಿಂದ ಮೂರು ತಲೆಮಾರಿನ ಒಬ್ಬೊಬ್ಬರು, ಒಟ್ಟು ಆರು ಜನ. ಅವರ ಅಡುಗೆ ಒಂದೇ ಒಲೆಯದು, ಕುಡಿಯುವ ನೀರು ಒಂದೇ, ರಕ್ತಸಂಬಂಧವೂ ಇದೆ. ಹಾಗಿರುವಾಗ ಉಳಿಯುವ ದೊಡ್ಡ ವ್ಯತ್ಯಾಸ ವಯಸ್ಸು.

2012ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಒಂದೇ ಮನೆಯ ಮೂವರ ಕರುಳಿನಲ್ಲಿ ಮೂರು ಬೇರೆ ಬೇರೆ ಕುಲದ ಬ್ಯಾಕ್ಟೀರಿಯಾಗಳು ಮೇಲುಗೈ ಪಡೆದಿದ್ದವು. ಕರುಳಿನ ಬ್ಯಾಕ್ಟೀರಿಯಾಗಳಲ್ಲಿ ಫರ್ಮಿಕ್ಯೂಟ್ಸ್ ಮತ್ತು ಬ್ಯಾಕ್ಟೀರಾಯ್ಡಿಟೀಸ್ ಎಂಬ ಎರಡು ದೊಡ್ಡ ಪಂಗಡಗಳಿವೆ. ಪುಣೆಯ ಅಧ್ಯಯನದಲ್ಲಿ ವಯಸ್ಸು ಏರಿದಂತೆ ಮೊದಲನೆಯದು ಒಂದೇ ಸಮನೆ ಕಡಿಮೆಯಾಗುತ್ತ, ಎರಡನೆಯದು ಹೆಚ್ಚುತ್ತ ಹೋಗಿತ್ತು. 2009ರಲ್ಲಿ ಫ್ರಾನ್ಸಿನ ವಿಜ್ಞಾನಿಗಳು ಪ್ರಕಟಿಸಿದ ಲೆಕ್ಕ ಹೀಗಿರಲಿಲ್ಲ. ಅಲ್ಲಿ ಮೊದಲ ಪಂಗಡಕ್ಕೂ ಎರಡನೆಯದಕ್ಕೂ ಇರುವ ಅನುಪಾತ ಕೂಸುಗಳಲ್ಲಿ 0.4, ವಯಸ್ಕರಲ್ಲಿ 10.9, ವೃದ್ಧರಲ್ಲಿ ಮತ್ತೆ 0.6, ಅಂದರೆ ನಡುವಯಸ್ಸಿಗೆ ಏರಿ, ಮುಪ್ಪಿಗೆ ಇಳಿಯುವ ಗೆರೆ. ಪುಣೆಯಲ್ಲಿ ಗಾಳಿ ಸೋಕದಂತೆ ಬೆಳೆಸಿ ಪ್ರತ್ಯೇಕಿಸಿದ 22 ಬ್ಯಾಕ್ಟೀರಿಯಾಗಳಲ್ಲಿ 6 ಅದುವರೆಗೆ ವಿಜ್ಞಾನಕ್ಕೆ ಗೊತ್ತಿಲ್ಲದ ಪ್ರಭೇದಗಳಾಗಿರುವ ಸಾಧ್ಯತೆ ಕಂಡಿತು.

ಆರು ಜನರಿಂದ ಇಡೀ ದೇಶದ ಬಗ್ಗೆ ತೀರ್ಪು ಕೊಡಲಾಗದು, ವಿಜ್ಞಾನಿಗಳು ಕೊಟ್ಟೂ ಇಲ್ಲ. ಆದರೂ ಈ ಚಿಕ್ಕ ಅಧ್ಯಯನ ಎತ್ತಿದ ಪ್ರಶ್ನೆ ದೊಡ್ಡದು. ಯುರೋಪು, ಅಮೆರಿಕಗಳ ಹೊಟ್ಟೆಯನ್ನು ನೋಡಿ ಮಾಡಿದ ಅಳತೆಗೋಲು ಜೋಳ, ಕಾಳು, ಮಜ್ಜಿಗೆಯ ಮೇಲೆ ಬೆಳೆದ ಹೊಟ್ಟೆಗೆ ಹೊಂದುತ್ತದೆಯೇ? ಹೊಂದದು ಎನ್ನಲು ಪುಣೆಯಲ್ಲೇ ಇನ್ನೊಂದು ಕಾರಣವೂ ಸಿಕ್ಕಿತ್ತು. ಅಲ್ಲಿನ ಕೆಇಎಂ ಆಸ್ಪತ್ರೆಯ ಚಿತ್ತರಂಜನ್ ಯಾಜ್ಞಿಕ್ ಮತ್ತು ಬ್ರಿಟನ್ನಿನ ಜಾನ್ ಯುಡ್ಕಿನ್ ಅಕ್ಕಪಕ್ಕ ನಿಂತ ಚಿತ್ರವೊಂದು 2004ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಅಚ್ಚಾಯಿತು. ಎತ್ತರಕ್ಕೆ ತಕ್ಕ ತೂಕದ ಸೂಚ್ಯಂಕ ಇಬ್ಬರದೂ 22.3. ಮೈಯಲ್ಲಿನ ಕೊಬ್ಬು ಮಾತ್ರ ಯುಡ್ಕಿನ್ ಅವರಲ್ಲಿ ಶೇಕಡ 9.1, ಯಾಜ್ಞಿಕ್ ಅವರಲ್ಲಿ ಶೇಕಡ 21.2. ಹೊರಗೆ ತೆಳ್ಳಗೆ ಕಂಡರೂ ಒಳಗೆ ಕೊಬ್ಬು ಹೊತ್ತ ಭಾರತೀಯ ದೇಹದಲ್ಲಿ ಕರುಳಿನ ಬ್ಯಾಕ್ಟೀರಿಯಾಗಳೂ ಬೇರೆಯಾಗಿರಬಹುದೆಂಬ ಊಹೆಯೇ ಆ ಎರಡು ಕುಟುಂಬಗಳ ಅಧ್ಯಯನಕ್ಕೆ ಪ್ರೇರಣೆ.

ಪುಣೆಯಿಂದ ದಕ್ಷಿಣಕ್ಕೆ ಸುಮಾರು 230 ಕಿಲೋಮೀಟರ್ ದೂರದ ಕೊಲ್ಹಾಪುರ ಜಿಲ್ಲೆಯ ದಕ್ಷಿಣ ಮತ್ತು ಪೂರ್ವದ ಊರುಗಳಲ್ಲಿ ಇಂಥ ಮೂರು ತಲೆಮಾರಿನ ಮನೆಗಳು ಈಗಲೂ ಅಪರೂಪವಲ್ಲ. ಹಿರಣ್ಯಕೇಶಿ ನದಿಯ ದಂಡೆಯ ಗಡಹಿಂಗ್ಲಜ, ಕರ್ನಾಟಕದ ಸಂಕೇಶ್ವರ, ಹುಕ್ಕೇರಿಗಳಿಗೆ ಹತ್ತಿಕೊಂಡ ತಾಲೂಕು. ಮನೆಯೊಳಗೆ ಕನ್ನಡ, ಪೇಟೆಗೆ ಹೋದರೆ ಮರಾಠಿ ಎನ್ನುವ ಕುಟುಂಬಗಳು ಅಲ್ಲಿ ಸಾಕಷ್ಟಿವೆ. ಪಂಚಗಂಗೆಯ ದಂಡೆಯ ಇಚಲಕರಂಜಿ 1904ರಲ್ಲಿ ಮೊದಲ ವಿದ್ಯುತ್ ಮಗ್ಗ ಕಂಡ ನೇಕಾರರ ಊರು. ಅಲ್ಲಿನ ಮಗ್ಗದ ಓಣಿಗಳಲ್ಲೂ ಕನ್ನಡ ಮಾತಾಡುವ ಮನೆಗಳಿವೆ. ಕರುಳಿನ ಬ್ಯಾಕ್ಟೀರಿಯಾಗಳ ಕಥೆಯನ್ನು ಇಂಥ ಮನೆಯ ತೊಟ್ಟಿಲಿನಿಂದಲೇ ಹಿಡಿದು ನೋಡಬಹುದು.

ಹುಟ್ಟುವ ಗಳಿಗೆಯಲ್ಲಿ ಕೂಸಿನ ಕರುಳು ಬಹುತೇಕ ಖಾಲಿ. ಸಹಜ ಹೆರಿಗೆಯಾದರೆ ತಾಯಿಯ ಜನನಮಾರ್ಗ ಮತ್ತು ಕರುಳಿನ ಬ್ಯಾಕ್ಟೀರಿಯಾಗಳು ಮೊದಲ ಬಿತ್ತನೆಯಾಗುತ್ತವೆ. ಸಿಸೇರಿಯನ್ ಆದರೆ ತಾಯಿಯ ಕರುಳಿನವು ಕಡಿಮೆ ಬಂದು, ಚರ್ಮದ ಮತ್ತು ಆಸ್ಪತ್ರೆಯ ಪರಿಸರದ ಬ್ಯಾಕ್ಟೀರಿಯಾಗಳು ಮೊದಲು ಸೇರುತ್ತವೆ. ಬ್ರಿಟನ್ನಿನ ಸುಮಾರು 600 ಶಿಶುಗಳನ್ನು ಪರೀಕ್ಷಿಸಿ 2019ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನು ಸ್ಪಷ್ಟವಾಗಿ ತೋರಿಸಿತು. ಕೂಸಿಗೆ ಆರರಿಂದ ಒಂಬತ್ತು ತಿಂಗಳಾಗುವ ಹೊತ್ತಿಗೆ ಈ ಅಂತರ ಬಹಳಷ್ಟು ತಗ್ಗುತ್ತದೆ ಎಂಬುದೂ ಅದೇ ಅಧ್ಯಯನದಲ್ಲಿದೆ. ಭಾರತದಲ್ಲಿ ಸಿಸೇರಿಯನ್ ಹೆರಿಗೆಗಳ ಪ್ರಮಾಣ 2015-16ರಲ್ಲಿ ಶೇಕಡ 17.2 ಇದ್ದದ್ದು 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಹೊತ್ತಿಗೆ 21.5ಕ್ಕೆ ಏರಿದೆ. ತಾಯಿ ಮಗುವಿನ ಜೀವ ಉಳಿಸಲು ಬೇಕಾದಾಗ ಸಿಸೇರಿಯನ್ ಆಗಲೇಬೇಕು. ಅದಕ್ಕಾಗಿ ಯಾವ ತಾಯಿಯೂ ನೊಂದುಕೊಳ್ಳಬೇಕಾಗಿಲ್ಲ. ಕೊರತೆಯನ್ನು ತಕ್ಕಮಟ್ಟಿಗೆ ತುಂಬಿಕೊಡುವ ಶಕ್ತಿ ಮೊಲೆಹಾಲಿಗಿದೆ.

ಮೊಲೆಹಾಲಿನಲ್ಲಿ ಲ್ಯಾಕ್ಟೋಸ್ ಮತ್ತು ಕೊಬ್ಬಿನ ನಂತರ ಅತಿ ಹೆಚ್ಚಿರುವ ಘನಪದಾರ್ಥ ಒಂದು ಬಗೆಯ ಕಿರುಸಕ್ಕರೆ ಸರಪಳಿಗಳು. ಸುಮಾರು ಇನ್ನೂರು ಬಗೆಗಳಿವೆ. ಆಶ್ಚರ್ಯವೆಂದರೆ ಅವನ್ನು ಜೀರ್ಣಿಸಲು ಕೂಸಿಗೆ ಬರುವುದೇ ಇಲ್ಲ. ಅವು ಇರುವುದು ಬಿಫಿಡೊಬ್ಯಾಕ್ಟೀರಿಯಂ ಎಂಬ ಬ್ಯಾಕ್ಟೀರಿಯಾಗಾಗಿ. ತಾಯಿಯ ದೇಹ ಕೂಸಿನ ಜೊತೆಗೆ ಕೂಸಿನ ಬ್ಯಾಕ್ಟೀರಿಯಾಗೂ ಉಣಿಸುತ್ತದೆ! 1899ರಲ್ಲಿ ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಯ ಆನ್ರಿ ಟಿಸಿಯೆ ಮೊಲೆಹಾಲು ಕುಡಿಯುವ ಶಿಶುಗಳ ಮಲದಲ್ಲಿ ಕವಲೊಡೆದ ಆಕಾರದ ಈ ಬ್ಯಾಕ್ಟೀರಿಯಾವನ್ನು ಮೊದಲು ಗುರುತಿಸಿದ. ಇದು ಕರುಳನ್ನು ಸ್ವಲ್ಪ ಹುಳಿಯಾಗಿ ಇಡುತ್ತದೆ, ಆ ಹುಳಿಯಲ್ಲಿ ಭೇದಿ ತರುವ ಬ್ಯಾಕ್ಟೀರಿಯಾಗಳು ಬೆಳೆಯಲಾರವು. ಹುಟ್ಟಿದ ಕೂಡಲೆ ನಾಲಿಗೆಗೆ ಜೇನುತುಪ್ಪ ಸವರುವ, ಸಕ್ಕರೆ ನೀರು ಕುಡಿಸುವ ರೂಢಿಯನ್ನು ವೈದ್ಯರು ಬೇಡವೆನ್ನಲು, ಮೊದಲ ಹಳದಿ ಹಾಲನ್ನು ಚೆಲ್ಲಬಾರದೆನ್ನಲು, ಆರು ತಿಂಗಳು ಬರೀ ಮೊಲೆಹಾಲು ಸಾಕೆನ್ನಲು ಇದೂ ಒಂದು ಕಾರಣ.

ಮೊದಲ ವಾರದ ಬ್ಯಾಕ್ಟೀರಿಯಾ ಎಷ್ಟು ಮುಖ್ಯ ಎಂಬುದಕ್ಕೆ ಭಾರತದಲ್ಲೇ ನಡೆದ ದೊಡ್ಡ ಪುರಾವೆಯಿದೆ. ಒಡಿಶಾದ ಹಳ್ಳಿಗಳಲ್ಲಿ ಪಿನಾಕಿ ಪಾಣಿಗ್ರಾಹಿ ಮತ್ತು ಸಂಗಡಿಗರು 4,556 ನವಜಾತ ಶಿಶುಗಳ ಮೇಲೆ ನಡೆಸಿದ ಪ್ರಯೋಗದ ಫಲಿತಾಂಶ 2017ರಲ್ಲಿ ನೇಚರ್ ಪತ್ರಿಕೆಯಲ್ಲಿ ಬಂತು. ಅರ್ಧದಷ್ಟು ಶಿಶುಗಳಿಗೆ ಏಳು ದಿನ ಲ್ಯಾಕ್ಟೊಬ್ಯಾಸಿಲಸ್ ಪ್ಲಾಂಟಾರಮ್ ಎಂಬ ಬ್ಯಾಕ್ಟೀರಿಯಾ ಮತ್ತು ಅದಕ್ಕೆ ಬೇಕಾದ ಸಕ್ಕರೆಯನ್ನು ಬಾಯಿಯ ಮೂಲಕ ಕೊಡಲಾಯಿತು. ರಕ್ತದ ನಂಜು ಅಥವಾ ಸಾವು ಕೊಡದ ಗುಂಪಿನಲ್ಲಿ ಶೇಕಡ 9 ಇದ್ದರೆ ಕೊಟ್ಟ ಗುಂಪಿನಲ್ಲಿ 5.4 ಆಯಿತು. ಆ ಶಿಶುಗಳು ಮೊಲೆಹಾಲು ಕುಡಿಯುತ್ತಿದ್ದ, ಕನಿಷ್ಠ 35 ವಾರ ತುಂಬಿ ಹುಟ್ಟಿದ, ಕನಿಷ್ಠ ಎರಡು ಕಿಲೋ ತೂಗುತ್ತಿದ್ದ ಶಿಶುಗಳು. ಅವಧಿಗೆ ಮುಂಚೆ ಹುಟ್ಟಿದ ನಾಜೂಕು ಶಿಶುಗಳಿಗೆ ಇದನ್ನು ಮನೆಯಲ್ಲಿ ಕೊಡುವುದು ಅಪಾಯ.

ತೊಟ್ಟಿಲಿನ ಮಟ್ಟಿಗೆ ಹಾಲಿನಷ್ಟೇ ದೊಡ್ಡ ಸಂಗತಿ ನೀರು. 2012ರ ಬೇಸಿಗೆಯಲ್ಲಿ ಇಚಲಕರಂಜಿಯಲ್ಲಿ ಕಾಮಾಲೆ ಹಬ್ಬಿ ಜೀವಹಾನಿಯಾಯಿತು. ಅದು ಕಲುಷಿತ ನೀರಿನಿಂದ ಹರಡುವ ಹೆಪಟೈಟಿಸ್ ಇ ವೈರಾಣುವಿನ ಕೆಲಸ, ಬ್ಯಾಕ್ಟೀರಿಯಾದ್ದಲ್ಲ. ಆದರೆ ಮಲ ಬೆರೆತ ನೀರು ಕುಡಿಯುವ ನೀರಿಗೆ ಸೇರಿದಲ್ಲಿ ವೈರಾಣುವಿನ ಜೊತೆ ಹತ್ತಾರು ಬಗೆಯ ಬ್ಯಾಕ್ಟೀರಿಯಾಗಳೂ ಬರುತ್ತವೆ. ದೊಡ್ಡವರಿಗೆ ಒಂದೆರಡು ದಿನದ ಭೇದಿಯಾಗಿ ಹೋಗುವುದು ತೆವಳುವ ಮಗುವಿಗೆ ಮತ್ತೆ ಮತ್ತೆ ತಗಲಿದರೆ ಸಣ್ಣ ಕರುಳಿನ ಒಳಪದರ ಸವೆದು, ಉಂಡದ್ದು ಮೈಗೆ ಹತ್ತುವುದಿಲ್ಲ. 2019 ಮತ್ತು 2021ರ ನೆರೆಗಳಲ್ಲಿ ಪಂಚಗಂಗೆ, ಕೃಷ್ಣಾ ನದಿಗಳು ಉಕ್ಕಿ ಶಿರೋಳ ಸುತ್ತಿನ ಊರುಗಳು ಮುಳುಗಿದಂಥ ಹೊತ್ತಿನಲ್ಲಿ ನೀರು ಕುದಿಸಿ ಆರಿಸುವುದರ ಮಹತ್ವ ಇಮ್ಮಡಿಯಾಗುತ್ತದೆ.

ಆರು ತಿಂಗಳಿಗೆ ಮೆದು ಅನ್ನ, ರಾಗಿ ಗಂಜಿ, ಬೇಳೆಕಟ್ಟು ಶುರುವಾದಾಗ ಕರುಳಿನ ಎರಡನೆಯ ದೊಡ್ಡ ಬದಲಾವಣೆ ನಡೆಯುತ್ತದೆ. ಹಾಲಿನ ಬ್ಯಾಕ್ಟೀರಿಯಾ ಹಿಂದೆ ಸರಿದು ಧಾನ್ಯ, ಕಾಳು ಒಡೆಯುವವು ಮುಂದೆ ಬರುತ್ತವೆ. ಅಮೆರಿಕ, ಆಫ್ರಿಕದ ಮಲಾವಿ, ವೆನೆಜುವೆಲಾದ ಕಾಡು, ಮೂರೂ ಕಡೆಯ ಜನರನ್ನು ಹೋಲಿಸಿ 2012ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ಸುಮಾರು ಮೂರು ವರ್ಷಕ್ಕೆ ಮಗುವಿನ ಕರುಳು ದೊಡ್ಡವರ ಕರುಳನ್ನು ಹೋಲತೊಡಗುತ್ತದೆ. ಈ ಪಯಣ ನಡುವೆಯೇ ನಿಂತುಹೋದರೆ ಏನಾಗುತ್ತದೆ ಎಂಬುದನ್ನು ಕಂಡುಹಿಡಿದವರು ಅಮೆರಿಕದ ಜೆಫ್ರಿ ಗಾರ್ಡನ್ ಮತ್ತು ಢಾಕಾದ ತಹಮೀದ್ ಅಹಮದ್ ಅವರ ತಂಡ. ತೀವ್ರ ಅಪೌಷ್ಟಿಕತೆಯ ಮಕ್ಕಳ ಕರುಳಿನ ಬ್ಯಾಕ್ಟೀರಿಯಾ ಅವರ ವಯಸ್ಸಿಗಿಂತ ಎಳೆಯದಾಗಿಯೇ ಉಳಿದಿತ್ತು. ಹೊಟ್ಟೆ ತುಂಬ ಉಣಿಸಿದ ಮೇಲೂ ಅದು ಪೂರ್ತಿ ಬೆಳೆಯಲಿಲ್ಲ. ಆಗ ಅವರು ಬ್ಯಾಕ್ಟೀರಿಯಾಗಳನ್ನು ಗುರಿಯಾಗಿಟ್ಟು ಕಡಲೆ, ಶೇಂಗಾ, ಸೋಯಾ, ಹಸಿರು ಬಾಳೆಕಾಯಿ ಸೇರಿಸಿ ಒಂದು ಆಹಾರ ಸಿದ್ಧಪಡಿಸಿದರು. 2021ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ, ಹೆಚ್ಚು ಕ್ಯಾಲೊರಿ ಕೊಡುವ ರೂಢಿಯ ಪಥ್ಯಾಹಾರಕ್ಕಿಂತ ಇದರಿಂದಲೇ ಮಕ್ಕಳ ತೂಕ ಚೆನ್ನಾಗಿ ಏರಿತ್ತು. ಆ ನಾಲ್ಕರಲ್ಲಿ ಒಂದೂ ಗಡಹಿಂಗ್ಲಜದ ಸಂತೆಗೆ ಹೊಸದಲ್ಲ.

ಮೂರರಿಂದ ಅರವತ್ತರವರೆಗೆ ಕರುಳು ಹೆಚ್ಚು ಕಡಿಮೆ ಸ್ಥಿರ. ಈ ದೀರ್ಘ ಅವಧಿಯಲ್ಲಿ ಯಾವ ಬ್ಯಾಕ್ಟೀರಿಯಾ ಮೇಲುಗೈ ಪಡೆಯುತ್ತದೆ ಎಂಬುದನ್ನು ನಿರ್ಧರಿಸುವುದು ಬಹುಮಟ್ಟಿಗೆ ತಟ್ಟೆ. ಮಾಂಸ, ಚೀಸು, ನಯವಾದ ಹಿಟ್ಟಿನ ತಿನಿಸು ತಿನ್ನುವ ಸಮಾಜಗಳಲ್ಲಿ ಬ್ಯಾಕ್ಟೀರಾಯ್ಡಿಸ್ ಕುಲ, ಧಾನ್ಯ ಕಾಳು ತಿನ್ನುವಲ್ಲಿ ಪ್ರಿವೊಟೆಲ್ಲ ಕುಲ ಹೆಚ್ಚು. ಭಾರತದ ಹದಿನೈದು ಬುಡಕಟ್ಟುಗಳ ಮೇಲೆ ಗುವಾಹಟಿಯ ವಿಜ್ಞಾನಿಗಳು 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲೂ, ಭೋಪಾಲದ ವಿಜ್ಞಾನಿಗಳು ಮಧ್ಯ ಭಾರತ ಮತ್ತು ಕೇರಳದವರನ್ನು ಹೋಲಿಸಿ 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲೂ ಪ್ರಿವೊಟೆಲ್ಲ ಎದ್ದು ಕಂಡಿತು.

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ಹೊರತಂದ ಆಹಾರ ಸಂಯೋಜನೆಯ ಕೋಷ್ಟಕದಂತೆ ನೂರು ಗ್ರಾಂ ಜೋಳದಲ್ಲಿ ಸುಮಾರು 10 ಗ್ರಾಂ ನಾರಿದೆ, ರಾಗಿಯಲ್ಲಿ 11, ಇಡಿ ಹೆಸರುಕಾಳಿನಲ್ಲಿ 17, ಇಡಿ ಕಡಲೆಯಲ್ಲಿ 25. ಪಾಲಿಶ್ ಅಕ್ಕಿ ಮತ್ತು ಮೈದಾದಲ್ಲಿ ಮೂರು ಗ್ರಾಂ ಕೂಡ ಇಲ್ಲ. ಇಡಿ ಗೋಧಿ ಹಿಟ್ಟಿನಲ್ಲಿ ಜೋಳದಷ್ಟೇ ಇರುವುದರಿಂದ ಚಪಾತಿಯನ್ನು ದೂರಬೇಕಾಗಿಲ್ಲ. ಕೊರತೆ ತರುವವು ಪಾವ್, ಬಿಸ್ಕೀಟು, ಟೋಸ್ಟು. ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ವಯಸ್ಕರಿಗೆ ದಿನಕ್ಕೆ ಕನಿಷ್ಠ 25 ಗ್ರಾಂ ನಾರು ಬೇಕೆಂದಿತು. ಎರಡು ಜೋಳದ ರೊಟ್ಟಿ, ಮಡಕಿಕಾಳಿನ ಪಲ್ಯ, ಪುಂಡಿಪಲ್ಯ, ಅಗಸಿ ಇಲ್ಲವೆ ಗುರೆಳ್ಳ ಚಟ್ನಿ, ಕಡೆಗೆ ನುಚ್ಚು ಮಜ್ಜಿಗೆ ಎನ್ನುವ ಹಳೆಯ ಊಟದಲ್ಲಿ ಅದರ ಬಹುಭಾಗ ಯಾರೂ ಲೆಕ್ಕ ಹಾಕದೆಯೇ ಬಂದುಬಿಡುತ್ತಿತ್ತು. ಕೊಲ್ಹಾಪುರದ ಬಯಲಿಗೆ ನೀರಾವರಿ ಬಂದ ಕಡೆಯಲ್ಲೆಲ್ಲ ಜೋಳದ ಹೊಲ ಕಬ್ಬಿನ ಗದ್ದೆಯಾಯಿತು, ಕೈಗೆ ಹಣ ಬಂತು, ತಟ್ಟೆ ಬದಲಾಯಿತು. ಕಬ್ಬು ಬೆಳೆದವರ ತಪ್ಪು ಇದರಲ್ಲಿಲ್ಲ. ಆದರೆ ಕರುಳಿನ ಬ್ಯಾಕ್ಟೀರಿಯಾಗಳ ದೃಷ್ಟಿಯಿಂದ ನೋಡಿದರೆ ಇದು ಆ ಸೀಮೆಯಲ್ಲಿ ಒಂದು ತಲೆಮಾರಿನೊಳಗೆ ನಡೆದ ಅತಿ ದೊಡ್ಡ ಪಲ್ಲಟ.

ಕಾಳು ತಿಂದರೆ ಹೊಟ್ಟೆ ಉಬ್ಬರ ಎಂದು ದೂರ ಇಡುವವರೂ ಇದ್ದಾರೆ. ಕಾಳಿನಲ್ಲಿರುವ ರಾಫಿನೋಸ್ ಬಗೆಯ ಸಕ್ಕರೆಗಳನ್ನು ಒಡೆಯುವ ಕಿಣ್ವ ಮನುಷ್ಯನಲ್ಲಿ ಇಲ್ಲದ್ದರಿಂದ ಅವು ಹಾಗೆಯೇ ದೊಡ್ಡ ಕರುಳಿಗಿಳಿದು ಬ್ಯಾಕ್ಟೀರಿಯಾಗಳ ಪಾಲಾಗುತ್ತವೆ. ಉಬ್ಬರ ಆ ಹುಳಿಯುವಿಕೆಯ ಗಾಳಿ. ನೆನೆಹಾಕಿ ಮೊಳಕೆ ಬರಿಸಿದರೆ ಆ ಸಕ್ಕರೆ ಕಡಿಮೆಯಾಗುತ್ತದೆ. ಕೊಲ್ಹಾಪುರದ ಮಿಸಳಿಗೆ ಮಡಕಿಯನ್ನು ಮೊಳಕೆ ಕಟ್ಟಿಯೇ ಹಾಕುವ ರೂಢಿಗೆ ರುಚಿಯ ಜೊತೆ ಈ ಅನುಕೂಲವೂ ಇದೆ.

ಅದೇ ಊರಿನ ತಾಂಬಡಾ, ಪಾಂಢರಾ ರಸ್ಸಾಗಳೆಂಬ ಕೆಂಪು, ಬಿಳಿ ಸಾರಿನ ಮಟನ್ ಊಟದ ಬಗ್ಗೆಯೂ ಬ್ಯಾಕ್ಟೀರಿಯಾಗಳಿಗೆ ಹೇಳುವುದಿದೆ. ಕುರಿ, ಆಡಿನ ಮಾಂಸದಂಥ ಕೆಂಪು ಮಾಂಸದಲ್ಲಿ ಕಾರ್ನಿಟಿನ್ ಎಂಬ ಪದಾರ್ಥವಿದೆ. ಕರುಳಿನ ಕೆಲವು ಬ್ಯಾಕ್ಟೀರಿಯಾಗಳು ಅದನ್ನು ಮಾರ್ಪಡಿಸಿದ ಮೇಲೆ ಯಕೃತ್ತಿನಲ್ಲಿ ಟಿಎಂಎಓ ಎಂಬ ವಸ್ತು ತಯಾರಾಗುತ್ತದೆ. ರಕ್ತದಲ್ಲಿ ಇದು ಹೆಚ್ಚಿದವರಲ್ಲಿ ಹೃದಯಾಘಾತ, ಪಾರ್ಶ್ವವಾಯು ಹೆಚ್ಚು ಎಂದು ಅಮೆರಿಕದ ಕ್ಲೀವ್‌ಲ್ಯಾಂಡ್ ಕ್ಲಿನಿಕ್ಕಿನ ಸ್ಟ್ಯಾನ್ಲಿ ಹೇಜನ್ ತಂಡ 2013ರಲ್ಲಿ ತೋರಿಸಿತು. ಸಸ್ಯಾಹಾರಿಗಳಿಗೆ ಅದೇ ಕಾರ್ನಿಟಿನ್ ಕೊಟ್ಟರೂ ಟಿಎಂಎಓ ತೀರ ಕಡಿಮೆ ಉಂಟಾಯಿತು, ಏಕೆಂದರೆ ಅದನ್ನು ತಯಾರಿಸುವ ಬ್ಯಾಕ್ಟೀರಿಯಾ ಅವರಲ್ಲಿ ವಿರಳ. ರವಿವಾರದ ಮಟನ್‌ಗಿಂತ ದಿನಾ ಮಟನ್ ಎನ್ನುವ ಅಭ್ಯಾಸ ಕರುಳಿಗೆ ಬೇರೆಯದೇ ಸಂಗತಿ.

ಉಣ್ಣುವ ವೇಳೆಯೂ ಲೆಕ್ಕಕ್ಕೆ ಬರುತ್ತದೆ. ಕರುಳಿನ ಬ್ಯಾಕ್ಟೀರಿಯಾಗಳಿಗೂ ಹಗಲು ರಾತ್ರಿಯ ಲಯವಿದೆ. ನಿದ್ದೆ ಮತ್ತು ಊಟದ ಹೊತ್ತು ತಲೆಕೆಳಗಾದರೆ ಆ ಲಯ ಕೆಡುತ್ತದೆಂದು 2014ರಲ್ಲಿ ಇಲಿಗಳ ಮೇಲೂ ದೂರ ವಿಮಾನಯಾನ ಮಾಡಿದ ಮನುಷ್ಯರ ಮೇಲೂ ನಡೆದ ಪರೀಕ್ಷೆಗಳಲ್ಲಿ ಕಂಡುಬಂತು. ಇಚಲಕರಂಜಿಯ ವಿದ್ಯುತ್ ಮಗ್ಗಗಳಲ್ಲಿ ಹನ್ನೆರಡು ಗಂಟೆಯ ಪಾಳಿ ಸಾಮಾನ್ಯ. ರಾತ್ರಿ ಪಾಳಿಯಲ್ಲಿ ಚಹಾ ಮತ್ತು ಕರಿದದ್ದರ ಮೇಲೆ ಹೊತ್ತು ನೂಕುವವರ ಹೊಟ್ಟೆಯ ತಕರಾರಿಗೆ ಇಲ್ಲಿ ಒಂದು ಎಳೆ ಸಿಗುತ್ತದೆ.

ನಡುವಯಸ್ಸಿನ ಕರುಳನ್ನು ಒಂದೇ ಏಟಿಗೆ ಅಲುಗಿಸುವುದು ಆಂಟಿಬಯೋಟಿಕ್. ಆರೋಗ್ಯವಂತ ತರುಣರಿಗೆ ನಾಲ್ಕು ದಿನ ಪ್ರಬಲ ಆಂಟಿಬಯೋಟಿಕ್‌ಗಳನ್ನು ಕೊಟ್ಟು ಡೆನ್ಮಾರ್ಕಿನಲ್ಲಿ ನಡೆಸಿದ ಅಧ್ಯಯನದಲ್ಲಿ ಒಂದೂವರೆ ತಿಂಗಳಿಗೆ ಬಹುತೇಕ ಬ್ಯಾಕ್ಟೀರಿಯಾಗಳು ಮರಳಿದವು, ಕೆಲವು ಮಾತ್ರ ಆರು ತಿಂಗಳಾದರೂ ಬರಲಿಲ್ಲ. ನೆಗಡಿಗೂ ವೈರಾಣುವಿನ ಜ್ವರಕ್ಕೂ ಈ ಔಷಧ ಕೆಲಸ ಮಾಡುವುದಿಲ್ಲ, ಹೊಟ್ಟೆಗೆ ಮಾತ್ರ ಪೆಟ್ಟು ಕೊಡುತ್ತದೆ. ಔಷಧದ ಅಂಗಡಿಯಲ್ಲಿ ಎರಡು ಗುಳಿಗೆ ಕೇಳಿ ನುಂಗುವ ಚಟ ನಿಲ್ಲಲೇಬೇಕಾದದ್ದು. ವೈದ್ಯರು ಬರೆದುಕೊಟ್ಟಾಗ ಅರ್ಧಕ್ಕೆ ಬಿಡುವುದೂ ಅಷ್ಟೇ ತಪ್ಪು.

ಮುಪ್ಪಿನ ಕರುಳು ಏಕೆ ಬದಲಾಗುತ್ತದೆ ಎಂಬುದಕ್ಕೆ ಉತ್ತರ ಬಾಯಿಂದಲೇ ಶುರುವಾಗುತ್ತದೆ. ಹಲ್ಲು ಉದುರಿದರೆ ರೊಟ್ಟಿ, ಕಾಳು, ಹಸಿ ತರಕಾರಿ ಬಿಟ್ಟುಹೋಗಿ ಮೆತ್ತನೆಯ ಅನ್ನ, ಚಹಾದಲ್ಲಿ ಅದ್ದಿದ ಬಿಸ್ಕೀಟು ಉಳಿಯುತ್ತವೆ. ಹುರಿದ ತಂಬಾಕಿನ ಮಿಸ್ರಿಯಿಂದ ಹಲ್ಲುಜ್ಜುವ ಅಭ್ಯಾಸ ಮಹಾರಾಷ್ಟ್ರದ ಹಳ್ಳಿಗಳ ಹಿರಿಯ ಹೆಂಗಸರಲ್ಲಿ ಇನ್ನೂ ಇದೆ. ಅದು ಒಸಡನ್ನು ತಿಂದು ಈ ದಾರಿಯನ್ನು ಇನ್ನಷ್ಟು ಹತ್ತಿರವಾಗಿಸುತ್ತದೆ. ಬಾಯಾರಿಕೆ ಮಂದವಾಗುತ್ತದೆ, ನಡೆದಾಟ ತಗ್ಗುತ್ತದೆ, ಕರುಳಿನ ಚಲನೆ ನಿಧಾನವಾಗುತ್ತದೆ. ಮಲ ಬಹಳ ಹೊತ್ತು ಒಳಗೇ ನಿಂತಾಗ ಬ್ಯಾಕ್ಟೀರಿಯಾಗಳು ನಾರು ಮುಗಿಸಿ ಪ್ರೋಟೀನಿಗೆ ಕೈ ಹಾಕುತ್ತವೆ, ಅದರಿಂದ ಹುಟ್ಟುವ ವಸ್ತುಗಳು ಕರುಳಿಗೆ ಒಳ್ಳೆಯವಲ್ಲ. ಇದರ ಮೇಲೆ ಔಷಧಗಳು. ಪ್ಯಾಂಟೊಪ್ರಜೋಲ್, ಓಮಿಪ್ರಜೋಲ್‌ನಂಥ ಆಮ್ಲ ತಗ್ಗಿಸುವ ಗುಳಿಗೆಯನ್ನು ವರ್ಷಗಟ್ಟಲೆ ನುಂಗಿದರೆ ಜಠರದ ತಡೆ ಸಡಿಲಾಗಿ ಬಾಯಿಯ ಬ್ಯಾಕ್ಟೀರಿಯಾಗಳು ಜೀವಂತವಾಗಿ ಕರುಳು ಸೇರುತ್ತವೆ. ಸಕ್ಕರೆ ಕಾಯಿಲೆಗೆ ಕೊಡುವ ಮೆಟ್ಫಾರ್ಮಿನ್ ಕೂಡ ಕರುಳಿನ ಬ್ಯಾಕ್ಟೀರಿಯಾಗಳನ್ನು ಬದಲಿಸುತ್ತದೆ; ಅದರ ಬದಲಾವಣೆ ಬಹುಮಟ್ಟಿಗೆ ಒಳ್ಳೆಯ ಕಡೆಗೆ. ಇವನ್ನು ತಾವಾಗಿ ನಿಲ್ಲಿಸುವಂತಿಲ್ಲ. ಆದರೆ ಆಮ್ಲದ ಗುಳಿಗೆ ಇನ್ನೂ ಬೇಕೇ ಎಂದು ವೈದ್ಯರನ್ನು ಕೇಳಲು ಹಿಂಜರಿಯಬೇಕಾಗಿಲ್ಲ.

ಮುಪ್ಪಿನ ಬದಲಾವಣೆಯಲ್ಲಿ ವಯಸ್ಸಿನ ಪಾಲೆಷ್ಟು, ಬದುಕಿನ ರೀತಿಯ ಪಾಲೆಷ್ಟು? ಐರ್ಲೆಂಡಿನ ಕಾರ್ಕ್ ನಗರದಲ್ಲಿ 178 ವೃದ್ಧರ ಮೇಲೆ ನಡೆದು 2012ರಲ್ಲಿ ಪ್ರಕಟವಾದ ಅಧ್ಯಯನ ಇದಕ್ಕೆ ಒಳ್ಳೆಯ ಉತ್ತರ ಕೊಟ್ಟಿತು. ತಮ್ಮ ಮನೆಯಲ್ಲೇ ಇದ್ದು ಬಗೆಬಗೆಯ ಊಟ ಉಣ್ಣುತ್ತಿದ್ದವರ ಕರುಳಿನಲ್ಲಿ ಬ್ಯಾಕ್ಟೀರಿಯಾಗಳ ವೈವಿಧ್ಯ ಹೆಚ್ಚಿತ್ತು. ದೀರ್ಘಕಾಲದಿಂದ ಆರೈಕೆ ಕೇಂದ್ರಗಳಲ್ಲಿದ್ದು ದಿನಾ ಒಂದೇ ಬಗೆಯ ಮೆತ್ತನೆಯ ಊಟ ಉಣ್ಣುತ್ತಿದ್ದವರಲ್ಲಿ ವೈವಿಧ್ಯ ಕುಸಿದಿತ್ತು, ಮೈಯ ಉರಿಯೂತ ಹೆಚ್ಚಿತ್ತು, ಕಸುವು ಕುಂದಿತ್ತು. ಕೇಂದ್ರಕ್ಕೆ ಸೇರಿದ ಮೇಲೆ ಊಟ ಮೊದಲು ಬದಲಾಗಿ, ಬ್ಯಾಕ್ಟೀರಿಯಾಗಳು ನಿಧಾನವಾಗಿ ಅದನ್ನು ಹಿಂಬಾಲಿಸಿದ್ದವು. ಗಡಹಿಂಗ್ಲಜದ ಹಳ್ಳಿಗಳಿಂದ ಮಕ್ಕಳು ಪುಣೆ, ಮುಂಬೈ, ಬೆಂಗಳೂರಿಗೆ ದುಡಿಯಲು ಹೋಗಿ, ಮನೆಯಲ್ಲಿ ಇಬ್ಬರೇ ಮುದುಕರು ಉಳಿದು ಒಮ್ಮೆ ಮಾಡಿದ ಅನ್ನ ಸಾರನ್ನೇ ಎರಡು ಹೊತ್ತು ಉಣ್ಣುವಾಗ ಆಗುವುದೂ ಇದೇ. ಒಂಟಿತನ ಮೊದಲು ಅಡುಗೆಯನ್ನು ಬಡವಾಗಿಸುತ್ತದೆ, ಆಮೇಲೆ ಕರುಳನ್ನು.

ಹಾಗೆಂದು ಎಲ್ಲವನ್ನೂ ಊಟದ ತಲೆಗೆ ಕಟ್ಟುವಂತಿಲ್ಲ. ಒಂಬತ್ತು ಸಾವಿರಕ್ಕೂ ಹೆಚ್ಚು ಜನರ ಮಾಹಿತಿಯಿಂದ 2021ರಲ್ಲಿ ಅಮೆರಿಕದ ವಿಜ್ಞಾನಿಗಳು ತೋರಿಸಿದಂತೆ, ಆರೋಗ್ಯದಿಂದ ವಯಸ್ಸಾಗುವವರ ಕರುಳು ಇತರರ ಕರುಳಿಗಿಂತ ಹೆಚ್ಚು ಹೆಚ್ಚು ಭಿನ್ನವಾಗುತ್ತ ಹೋಗುತ್ತದೆ. ತರುಣ ವಯಸ್ಸಿನ ಬ್ಯಾಕ್ಟೀರಾಯ್ಡಿಸ್ ಮುಪ್ಪಿನಲ್ಲೂ ಹಾಗೆಯೇ ಹೆಚ್ಚಾಗಿ ಉಳಿದವರಲ್ಲಿ ಮರಣ ಪ್ರಮಾಣ ಹೆಚ್ಚಿತ್ತು. ಮುಪ್ಪಿನಲ್ಲಿ ಬದಲಾಗುವುದೇ ಕೆಡುಕಲ್ಲ ಎಂಬುದನ್ನು ಇದು ಹೇಳುತ್ತದೆ. ಇದನ್ನು ಭಾರತದವರಿಗೆ ನೇರವಾಗಿ ಅನ್ವಯಿಸುವುದು ಅವಸರವಾದೀತು. ಅಮೆರಿಕದವರ ಆರಂಭವೇ ಬ್ಯಾಕ್ಟೀರಾಯ್ಡಿಸ್‌ನಿಂದ, ಇಲ್ಲಿನವರದು ಬಹುಪಾಲು ಪ್ರಿವೊಟೆಲ್ಲದಿಂದ. ಅದೇ ವರ್ಷ ಜಪಾನಿನಲ್ಲಿ ಸರಾಸರಿ 107 ವರ್ಷದ 160 ಶತಾಯುಷಿಗಳ ಪರೀಕ್ಷೆಯಲ್ಲಿ, ಪಿತ್ತರಸದ ಆಮ್ಲವನ್ನು ಮಾರ್ಪಡಿಸಿ ಕ್ಲಾಸ್ಟ್ರಿಡಿಯಂ ಡಿಫಿಸಿಲ್‌ನಂಥ ರೋಗಕಾರಕಗಳನ್ನು ತಡೆಯುವ ವಸ್ತು ತಯಾರಿಸುವ ಬ್ಯಾಕ್ಟೀರಿಯಾಗಳು ಹೆಚ್ಚಾಗಿ ಕಂಡವು.

ಮುಪ್ಪನ್ನು ಕರುಳಿನ ಮೂಲಕ ತಡೆಯಬಹುದೆಂದು ಮೊದಲು ಸಾರಿದವರು ರಷ್ಯಾ ಮೂಲದ ಇಲ್ಯಾ ಮೆಚ್ನಿಕೋವ್. ರೋಗನಿರೋಧಕ ಜೀವಕೋಶಗಳ ಕೆಲಸಕ್ಕಾಗಿ 1908ರಲ್ಲಿ ನೊಬೆಲ್ ಪಡೆದ ಇವರು, ದೊಡ್ಡ ಕರುಳಿನಲ್ಲಿ ಕೊಳೆಸುವ ಬ್ಯಾಕ್ಟೀರಿಯಾಗಳೇ ಮುಪ್ಪು ತರುತ್ತವೆ, ಬಲ್ಗೇರಿಯಾದ ಹಳ್ಳಿಗರು ಮೊಸರಿನಿಂದಲೇ ದೀರ್ಘಾಯುಷಿಗಳು ಎಂದು ವಾದಿಸಿದರು. ಅವರ ಸಿದ್ಧಾಂತ ಅರ್ಧ ಸರಿ. ಮೊಸರಿನ ಬ್ಯಾಕ್ಟೀರಿಯಾಗಳು ಕರುಳಿನಲ್ಲಿ ಮನೆ ಕಟ್ಟುವುದಿಲ್ಲ, ಹಾದುಹೋಗುತ್ತವೆ. ಹಾದುಹೋಗುವಾಗ ಉಪಕಾರ ಮಾಡುತ್ತವೆ. ಅಮೆರಿಕದ ಸ್ಟ್ಯಾನ್‌ಫೋರ್ಡಿನಲ್ಲಿ 36 ಮಂದಿಯ ಮೇಲೆ ಹತ್ತು ವಾರ ನಡೆದ ಪ್ರಯೋಗದಲ್ಲಿ ಹುಳಿಸಿದ ಆಹಾರವನ್ನು ಹೆಚ್ಚು ತಿಂದವರ ಕರುಳಿನ ವೈವಿಧ್ಯ ಏರಿತು, ಉರಿಯೂತದ ಸೂಚಕಗಳು ಇಳಿದವು. ಬರೀ ನಾರು ಹೆಚ್ಚಿಸಿದವರಲ್ಲಿ ಆ ಅವಧಿಯಲ್ಲಿ ವೈವಿಧ್ಯ ಏರಲಿಲ್ಲ. ನಾರು ತಿನ್ನುವ ಬ್ಯಾಕ್ಟೀರಿಯಾಗಳು ಬಲಗೊಳ್ಳಲು ಹತ್ತು ವಾರ ಸಾಲದೆಂಬುದು ಸಂಶೋಧಕರ ಅನಿಸಿಕೆ. ನಾರನ್ನು ಎಳೆವಯಸ್ಸಿನಿಂದಲೇ ಬಿಡದೆ ಉಣ್ಣುವುದು ಮೇಲು ಎನ್ನಲು ಇದು ಬಲವಾದ ಸೂಚನೆ. ಹಲ್ಲಿಲ್ಲದವರಿಗೆ ಕೊಲ್ಹಾಪುರ ಸೀಮೆಯ ಅಡುಗೆಯಲ್ಲೇ ದಾರಿಗಳಿವೆ: ರೊಟ್ಟಿಯನ್ನು ಬಿಸಿ ಸಾರಿನಲ್ಲಿ ಕಿವುಚಿಕೊಂಡು ಉಣ್ಣುವುದು, ಜೋಳದ ನುಚ್ಚಿಗೆ ಮಜ್ಜಿಗೆ ಹಾಕುವುದು, ರಾಗಿ ಅಂಬಲಿ, ಹೆಸರುಬೇಳೆ ಸೊಪ್ಪಿನ ಮೆದು ಪಲ್ಯ. ಹಾಲಿನಿಂದ ಹೊಟ್ಟೆ ಉಬ್ಬರಿಸುವ ಹಿರಿಯರಿಗೆ ಮಜ್ಜಿಗೆ ಹೆಚ್ಚು ಒಗ್ಗುವುದು ಅದರಲ್ಲಿ ಲ್ಯಾಕ್ಟೋಸ್ ಸ್ವಲ್ಪಮಟ್ಟಿಗೆ ಒಡೆದುಹೋಗಿರುವುದರಿಂದ. ಕೊಲ್ಹಾಪುರದ ಹಾಲಿನ ಕಟ್ಟೆಗಳಲ್ಲಿ ಎಮ್ಮೆಯನ್ನು ಎದುರಿಗೇ ಕರೆದು ಬೆಚ್ಚಗಿನ ಹಸಿ ಹಾಲು ಕೊಡುವ ಸಂಪ್ರದಾಯ ಪೈಲ್ವಾನರ ಕಾಲದಿಂದ ಬಂದದ್ದು. ಕಾಯಿಸದ ಹಾಲಿನಿಂದ ಬ್ರುಸೆಲ್ಲಾದಂಥ ರೋಗಾಣುಗಳು ಬರಬಲ್ಲವು. ವೃದ್ಧರು, ಬಸುರಿಯರು, ಚಿಕ್ಕ ಮಕ್ಕಳು ಅದನ್ನು ಕುಡಿಯದಿರುವುದೇ ಸರಿ.

ಯುರೋಪಿನ ಐದು ದೇಶಗಳ 65ರಿಂದ 79 ವರ್ಷದ 612 ಮಂದಿಯಲ್ಲಿ ಸುಮಾರು ಅರ್ಧದಷ್ಟು ಜನರಿಗೆ ಒಂದು ವರ್ಷ ಕಾಳು, ತರಕಾರಿ, ಇಡಿ ಧಾನ್ಯ, ಮೀನು, ಆಲಿವ್ ಎಣ್ಣೆಯ ಊಟ ಕೊಟ್ಟು ನೋಡಿದ ಅಧ್ಯಯನ 2020ರಲ್ಲಿ ಹೊರಬಂತು. ಭಾರತೀಯ ವಿಜ್ಞಾನಿ ತಾರಿಣಿ ಶಂಕರ ಘೋಷ್ ಅದರ ಮೊದಲ ಲೇಖಕ. ಊಟವನ್ನು ಸರಿಯಾಗಿ ಪಾಲಿಸಿದವರಲ್ಲಿ ಬ್ಯುಟಿರೇಟ್ ತಯಾರಿಸುವ ಬ್ಯಾಕ್ಟೀರಿಯಾ ಹೆಚ್ಚಿ, ಅದರೊಂದಿಗೆ ಕೈಯ ಹಿಡಿತದ ಬಲ ಮತ್ತು ನೆನಪು ಸುಧಾರಿಸಿದ್ದು, ಉರಿಯೂತ ತಗ್ಗಿದ್ದು ಕಂಡಿತು. ಅರವತ್ತೈದರ ಮೇಲೂ ಕರುಳು ಬದಲಾಗಬಲ್ಲದು ಎಂಬುದು ಇದರಿಂದ ತಿಳಿಯುವ ದೊಡ್ಡ ಸಂಗತಿ.

ಮಾರುಕಟ್ಟೆಯ ಪ್ರೊಬಯೋಟಿಕ್ ಪುಡಿ, ಕ್ಯಾಪ್ಸೂಲ್‌ಗಳ ಮಾತು ಬೇರೆ. ಯಾವ ತಳಿ, ಯಾವ ಕಾಯಿಲೆಗೆ, ಎಷ್ಟು ದಿನ ಎಂಬುದರ ಮೇಲೆ ಅವುಗಳ ಗುಣ ನಿಂತಿದೆ. ಆಂಟಿಬಯೋಟಿಕ್ ಮುಗಿದ ಮೇಲೆ ಕೆಲವರಿಗೆ ಹನ್ನೊಂದು ತಳಿಗಳ ಕ್ಯಾಪ್ಸೂಲ್ ಕೊಟ್ಟು ವೈಜ್‌ಮನ್ ಸಂಸ್ಥೆ 2018ರಲ್ಲಿ ನಡೆಸಿದ ಚಿಕ್ಕ ಅಧ್ಯಯನದಲ್ಲಿ, ಸುಮ್ಮನೆ ಬಿಟ್ಟವರಿಗಿಂತ ಅವರ ಸ್ವಂತ ಬ್ಯಾಕ್ಟೀರಿಯಾಗಳು ಮರಳುವುದೇ ತಡವಾಯಿತು.

ಕರುಳಿನ ಬ್ಯಾಕ್ಟೀರಿಯಾಗಳನ್ನು ಇಡಿಯಾಗಿ ಬದಲಿಸುವ ಚಿಕಿತ್ಸೆಯೂ ಇದೆ. ಆಂಟಿಬಯೋಟಿಕ್‌ಗಳ ನಂತರ ವೃದ್ಧರನ್ನು ಹೆಚ್ಚಾಗಿ ಕಾಡುವ ಕ್ಲಾಸ್ಟ್ರಿಡಿಯಂ ಡಿಫಿಸಿಲ್ ಭೇದಿ ಮತ್ತೆ ಮತ್ತೆ ಮರುಕಳಿಸಿದಾಗ, ಆರೋಗ್ಯವಂತರ ಮಲದ ಬ್ಯಾಕ್ಟೀರಿಯಾಗಳನ್ನು ಶುದ್ಧೀಕರಿಸಿ ರೋಗಿಯ ಕರುಳಿಗೆ ಸೇರಿಸಲಾಗುತ್ತದೆ. 2013ರಲ್ಲಿ ನೆದರ್ಲೆಂಡ್ಸಿನ ಪ್ರಯೋಗದಲ್ಲಿ ಇದು ಆಂಟಿಬಯೋಟಿಕ್‌ಗಿಂತ ಎಷ್ಟೋ ಪಾಲು ಚೆನ್ನಾಗಿ ಗುಣಪಡಿಸಿದ್ದರಿಂದ ಪ್ರಯೋಗವನ್ನು ಅವಧಿಗೆ ಮೊದಲೇ ನಿಲ್ಲಿಸಲಾಯಿತು. ಈ ಬಗೆಯ ಔಷಧಗಳಿಗೆ ಅಮೆರಿಕದಲ್ಲಿ 2022 ಮತ್ತು 2023ರಲ್ಲಿ ಅನುಮತಿ ದೊರೆಯಿತು, ಅದೂ ಆ ಒಂದು ರೋಗ ಮರುಕಳಿಸದಂತೆ ತಡೆಯುವುದಕ್ಕೆ ಮಾತ್ರ. ಎಳೆಯರ ಬ್ಯಾಕ್ಟೀರಿಯಾ ಕೊಟ್ಟು ಆಯುಷ್ಯ ಹೆಚ್ಚಿಸುವ ಪ್ರಯತ್ನ 2017ರಲ್ಲಿ ಜರ್ಮನಿಯಲ್ಲಿ ಕಿಲ್ಲಿಫಿಶ್ ಎಂಬ ಪುಟ್ಟ ಮೀನಿನಲ್ಲಿ ಫಲಿಸಿತು. ಮನುಷ್ಯರಲ್ಲಿ ಮುಪ್ಪಿಗೆ ಅದು ಇನ್ನೂ ಚಿಕಿತ್ಸೆಯಾಗಿಲ್ಲ.